ಆಯ್ತು ಎಂದರೆ ಎಂತ

ನಮ್ಮ ಸಣ್ಣ ವಿಮಾನ ನಿಲ್ದಾಣದ ಮ್ಯಾನೇಜರ್ ಜೋಕಿಮ್ ಸರ್ ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟು ಹೋದರು. ಶನಿವಾರದ ರೇಡಿಯೋ ಮಾತುಕತೆಯನ್ನು ಮುಂಬೈಯ ಹೆಡ್ ಆಫೀಸಿಗಾಗಿ ಇಂಗ್ಲಿಷಿಗೆ ತಿರುಗಿಸಿ ಕೊಡಬೇಕಂತೆ. ಎಡಗಡೆ ಕನ್ನಡ, ಬಲಗಡೆ ಖಾಲಿ ಜಾಗ. ಇದ್ದದ್ದು ಎರಡೇ ಸಾಲು. ಮೊದಲನೆಯದು ನನ್ನದು: "ಶೇಕಬ್ಬನವರೇ, ರನ್‌ವೇಯಿಂದ ಹಗ್ಗ ತೆಗೆಯಿರಿ." ಎರಡನೆಯದು ಗ್ಲೈಡರ್ ಕ್ಲಬ್ಬಿನಲ್ಲಿ ವಿಂಚ್ ನಡೆಸುವ ಶೇಕಬ್ಬಾಕನದು, ಒಂದೇ ಪದ: "ಆಯ್ತು."

ಆ ಪದದ ಎದುರಿಗೆ ಸರ್ ಆಗಲೇ ಪೆನ್ಸಿಲಿನಲ್ಲಿ 'ಡನ್' ಎಂದು ಬರೆದಿಟ್ಟಿದ್ದರು. ಅದರ ಮೇಲೆ ನಾನು ಪೆನ್ನು ಆಡಿಸಿದರೆ ಸಾಕು, ಕ್ಲಬ್ಬಿನ ಕತೆ ಮುಗಿಯುತ್ತಿತ್ತು.

ಬಜಗೋಳಿಯಿಂದ ಮೇಲೆ ಹತ್ತಿದರೆ ಸಿಗುವ ಈ ಮುರಕಲ್ಲಿನ ಪದವಿನಲ್ಲಿ, ಗುಡ್ಡದ ನೆತ್ತಿಯ ಈ ಬಯಲಿನಲ್ಲಿ, ಕ್ಲಬ್ಬಿನವರು ಹದಿನಾಲ್ಕು ವರ್ಷದಿಂದ ಇಂಜಿನ್ ಇಲ್ಲದ ವಿಮಾನ ಹಾರಿಸುತ್ತಿದ್ದಾರೆ. ಒಂದು ತುದಿಯಲ್ಲಿ ವಿಂಚ್, ಇನ್ನೊಂದು ತುದಿಯಲ್ಲಿ ಗ್ಲೈಡರ್, ನಡುವೆ ಒಂದು ಕಿಲೋಮೀಟರ್ ಹಗ್ಗ. ವಿಂಚ್ ಹಗ್ಗವನ್ನು ರಭಸದಿಂದ ಸುತ್ತಿಕೊಂಡರೆ ಗ್ಲೈಡರ್ ಗಾಳಿಪಟದ ಹಾಗೆ ಏರುತ್ತದೆ. ಎರಡು ವರ್ಷದ ಹಿಂದೆ ಕಂಪೆನಿಯೊಂದು ಬಂದು, ಡಾಮರು ಹಾಕಿ, ಬಾಡಿಗೆ ವಿಮಾನಗಳನ್ನು ಇಳಿಸಲು ಶುರುಮಾಡಿತು. ಅಂದಿನಿಂದ ಜಗಳ. ಕ್ಲಬ್ಬಿನವರಿಗೆ ಪದವು ತಮ್ಮ ಅಜ್ಜನ ಆಸ್ತಿ ಎಂಬ ಗತ್ತು. ಕಂಪೆನಿಯ ಆಡಳಿತಕ್ಕೆ ಕ್ಲಬ್ಬೆಂದರೆ ಕಣ್ಣಿಗೆ ಬಿದ್ದ ಕಸ. ಎರಡೂ ಕಡೆಯವರ ಬೈಗುಳ ಕೇಳಿಸಿಕೊಳ್ಳುವ ಭಾಗ್ಯ ರೇಡಿಯೋ ಕೋಣೆಯಲ್ಲಿ ಕುಳಿತ ನನ್ನದು.

ಹಾಗೆಂದು ಆ ಕುರ್ಚಿಯ ಮೇಲೆ ನನಗೆ ಬೇಸರವಿರಲಿಲ್ಲ. ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾಗಿ ಸಿಕ್ಕಿದ ಕುರ್ಚಿ ಅದು. ಮೋಡದ ಮೇಲಿರುವ ಯಾರೋ ಪೈಲಟ್ ನನ್ನ ಮಾತು ನಂಬಿ ನೆಲಕ್ಕಿಳಿಯುತ್ತಾನೆ ಎನ್ನುವುದು ಸಣ್ಣ ಸುಖವಲ್ಲ. ಕಾರ್ಕಳದ ನನ್ನ ಮನೆಯಲ್ಲೂ ಅಷ್ಟು ನಂಬುವವರಿಲ್ಲ.

ಶನಿವಾರ ಆದದ್ದು ಇಷ್ಟು. ನನ್ನ ಕೋಣೆಯಿಂದ ರನ್‌ವೇಯ ಆಚೆ ತುದಿ ಕಾಣುವುದಿಲ್ಲ, ನಡುವೆ ದಿಬ್ಬ. ವಿಮಾನ ಹತ್ತಿರ ಬಂದಿತ್ತು. ಹಗ್ಗ ತೆಗೆಯಿರಿ ಎಂದೆ. ಅವರು ಆಯ್ತು ಎಂದರು. ನಾನು ಪೈಲಟ್‌ಗೆ ರನ್‌ವೇ ಖಾಲಿ ಎಂದು ತಿಳಿಸಿದೆ. ಹಗ್ಗ ಅಲ್ಲೇ ಬಿದ್ದಿತ್ತು. ಪುಣ್ಯಕ್ಕೆ ಪೈಲಟ್ ಅದನ್ನು ಕಂಡು ಮತ್ತೆ ಮೇಲಕ್ಕೇರಿಸಿ, ಸುತ್ತು ಹಾಕಿ, ಹತ್ತು ನಿಮಿಷ ಬಿಟ್ಟು ಇಳಿಸಿದ. ಯಾರಿಗೂ ಏನೂ ಆಗಲಿಲ್ಲ.

'ಆಯ್ತು' ಎಂದರೆ 'ತೆಗೆದಾಯ್ತು' ಎಂದಾದರೆ ಶೇಕಬ್ಬಾಕ ಸುಳ್ಳು ಹೇಳಿದ ಹಾಗೆ. ಕ್ಲಬ್ಬು ಪದವಿನಿಂದ ಹೊರಗೆ. 'ಸರಿ, ತೆಗೆಯುತ್ತೇನೆ' ಎಂದಾದರೆ, ತೆಗೆದರೋ ಇಲ್ಲವೋ ಎಂದು ಮರಳಿ ಕೇಳದ ನಾನು ಕುರ್ಚಿಯಿಂದ ಹೊರಗೆ. ಮರಳಿ ಕೇಳಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ.

ಮಧ್ಯಾಹ್ನ ಊಟ ಬಿಟ್ಟು ವಿಂಚಿನ ಶೆಡ್ಡಿಗೆ ನಡೆದೆ. ಶೇಕಬ್ಬಾಕ ಹೆಜಮಾಡಿಯವರು, ಇಪ್ಪತ್ತು ವರ್ಷ ಗಲ್ಫಿನ ಬಂದರಿನಲ್ಲಿ ಕ್ರೇನ್ ನಡೆಸಿ ಬಂದವರು. ಕೈಯೆಲ್ಲ ಗ್ರೀಸು ಮಾಡಿಕೊಂಡು ಕುಳಿತಿದ್ದರು. ಕಚೇರಿಯ ಕನ್ನಡ ಬಾಯಿಗೆ ಹತ್ತಿಬಿಟ್ಟಿತ್ತು, ಅದರಲ್ಲೇ ಕೇಳಿದೆ.

"ಶೇಕಬ್ಬಾಕ, ಮೊನ್ನೆ ನೀವು ಆಯ್ತು ಅಂದದ್ದಕ್ಕೆ ಅರ್ಥ ಎಂತ?"

"ಆಯ್ತು ಅಂದ್ರೆ ಆಯ್ತು. ಅದಕ್ಕೆ ಬೇರೆ ಅರ್ಥ ಉಂಟಾ?"

"ತೆಗೆದು ಮುಗಿಯಿತು ಅಂತಲಾ, ತೆಗೆಯುತ್ತೇನೆ ಅಂತಲಾ?"

ಅವರು ಕೈ ಒರೆಸಿಕೊಂಡರು. "ನಾನು ಆಗ ಹಗ್ಗ ಎಳೀಲಿಕ್ಕೆ ವಿಂಚಿನ ಇಂಜಿನ್ ಚಾಲು ಮಾಡ್ತಾ ಇದ್ದೆ ಮಾರಾಯ್ತಿ. ಒಂದು ಕಿಲೋಮೀಟರ್ ಹಗ್ಗ ಕಣ್ಣು ಮುಚ್ಚಿ ಬಿಡುವುದರೊಳಗೆ ಬರ್ತದಾ?"

ನನಗೆ ಸಿಟ್ಟು ಬಂತು, ಅವರ ಮೇಲಲ್ಲ. ನನ್ನ ಮನೆಮಾತು ತುಳು, ಅವರದು ಬ್ಯಾರಿ, ನಮ್ಮಿಬ್ಬರ ನಡುವೆ ಯಾವತ್ತೂ ತುಳುವೇ. ರೇಡಿಯೋದಲ್ಲೂ ಅದೇ ಇತ್ತು, ಕಳೆದ ತಿಂಗಳು ಜೋಕಿಮ್ ಸರ್ ಸುತ್ತೋಲೆ ಹೊರಡಿಸುವ ತನಕ: ಎಲ್ಲ ಮಾತು ರೆಕಾರ್ಡ್ ಆಗುತ್ತದೆ, ಆದ್ದರಿಂದ ಇಂಗ್ಲಿಷ್ ಮಾತ್ರ; ಬಾರದವರು ಕನ್ನಡ. ನಾನು ಅಲ್ಲೇ ನಿಂತು, ಹಗ್ಗ ತೆಗೆಯಿರಿ ಎಂಬ ಅದೇ ಮಾತನ್ನು ತುಳುವಿನಲ್ಲಿ ಹೇಳಿದೆ.

"ಆವು," ಎಂದರು ಶೇಕಬ್ಬಾಕ, ಯೋಚನೆಯನ್ನೂ ಮಾಡದೆ.

ತುಳುವಿನಲ್ಲಿ ಮಾಡುತ್ತೇನೆ ಎನ್ನಲು 'ಆವು', ಮಾಡಿ ಮುಗಿಸಿದೆ ಎನ್ನಲು 'ಆಂಡ್'. ಹಾಲು ಕುಡಿಯುವ ಮಗುವಿಗೂ ಇದರಲ್ಲಿ ಗೊಂದಲವಿಲ್ಲ. ಶೇಕಬ್ಬಾಕ ಗ್ರೀಸಿನ ಡಬ್ಬಿಗೆ ಮುಚ್ಚಳ ಹಾಕಿದರು.

"ಕೆಲಸ ಹೋದ್ರೆ ಹೋಗ್ಲಿ ಭವ್ಯಾ," ಎಂದರು ಅವರು ಕೊನೆಗೆ. "ಆದ್ರೆ ಸುಳ್ಳ ಅನ್ನಿಸಿಕೊಂಡು ಹೆಜಮಾಡಿಗೆ ಹೋಗ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಹಿಂದೆ ಬರುವಾಗ ನಾನು 'ಡನ್' ಎಂದೇ ಬರೆಯುವ ಯೋಚನೆ ಮಾಡಿದೆ. ಒಳ್ಳೆಯವಳಂತೆ ನಟಿಸಲಾರೆ. ಹೆಡ್ ಆಫೀಸಿನಲ್ಲಿ ಯಾರಿಗೆ ಕನ್ನಡ ಬರುತ್ತದೆ? ಶೇಕಬ್ಬಾಕನಿಗೆ ಅರವತ್ತೆರಡು, ನನಗೆ ಇಪ್ಪತ್ತೊಂಬತ್ತು. ಕುರ್ಚಿಯಲ್ಲಿ ಕೂತು ಪೆನ್ನು ತೆಗೆದೂ ಆಯಿತು. ಆದರೆ ಆ ಮುದುಕನ 'ಆವು' ಕಿವಿಯಿಂದ ಹೋಗಲಿಲ್ಲ. ಪೆನ್ಸಿಲಿನ ಬರಹ ಅಳಿಸಿ 'ಓಕೆ' ಎಂದು ಬರೆದೆ. ಕೆಳಗೆ, ಮರಳಿ ಕೇಳದೆ ರನ್‌ವೇ ಖಾಲಿ ಎಂದದ್ದು ನನ್ನ ತಪ್ಪು ಎಂದೂ, ಭಾಷೆ ಬದಲಿಸಿದ್ದರಿಂದ ಈ ಗೊಂದಲ ಹುಟ್ಟಿತೆಂದೂ ಬರೆದು ಸಹಿ ಹಾಕಿದೆ.

ಜೋಕಿಮ್ ಸರ್ ಎರಡು ಸಲ ಓದಿದರು. ಅವರ ಹಿರಿಯರು ಕಾಪುವಿನವರು, ಅವರು ಬೆಳೆದದ್ದು ಮುಂಬೈಯಲ್ಲಿ, ಮನೆಯಲ್ಲಿ ಕೊಂಕಣಿ.

"ಸರ್, ಕೊಂಕಣಿಯಲ್ಲಿ ಮಾಡ್ತೇನೆ ಅನ್ನಲಿಕ್ಕೆ 'ಜಾಯ್ತ್', ಮುಗಿಯಿತು ಅನ್ನಲಿಕ್ಕೆ 'ಜಾಲೆಂ', ಅಲ್ವಾ? ಕನ್ನಡದಲ್ಲಿ ಎರಡಕ್ಕೂ ಆಯ್ತು ಅಂತಾರೆ."

ಅವರು ಎರಡೂ ಪದಗಳನ್ನು ಬಾಯಲ್ಲೇ ಹೇಳಿಕೊಂಡು ನೋಡಿದರು. ಮುಖ ಸಣ್ಣದಾಯಿತು. "ಹಾಗಾದರೆ ನನ್ನ ಸುತ್ತೋಲೆಯೂ ತಪ್ಪು ಎನ್ನುತ್ತೀರಿ."

"ನನ್ನ ತಪ್ಪಿನ ಕೆಳಗೆ ಬರೆದಿದ್ದೇನೆ ಸರ್."

"ಇದು ಮೇಲೆ ಹೋದರೆ ಕ್ಲಬ್ಬನ್ನು ಹೊರಗೆ ಹಾಕಲು ನನಗೆ ಕಾರಣ ಉಳಿಯುವುದಿಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮನ್ನು ರೇಡಿಯೋದಲ್ಲಿ ಉಳಿಸಲಿಕ್ಕೂ ಆಗುವುದಿಲ್ಲ."

"ಗೊತ್ತುಂಟು ಸರ್."

ಈಗ ನಾನು ಬ್ಯಾಗು ತೂಗುವ ಕೌಂಟರಿನಲ್ಲಿದ್ದೇನೆ. ಮೊನ್ನೆ ಶೇಕಬ್ಬಾಕ ಅಲ್ಲಿಗೇ ಬಂದರು. ಥ್ಯಾಂಕ್ಸ್ ಹೇಳಲಿಕ್ಕಲ್ಲ, ದೂರು ಹೇಳಲಿಕ್ಕೆ.

"ನಿನ್ನ ಜಾಗಕ್ಕೆ ಬಂದವ ಹಗ್ಗ ತೆಗೆದಿರಾ, ತೆಗೆದಿರಾ ಅಂತ ಮೂರು ಮೂರು ಸಲ ಕೇಳ್ತಾನೆ ಮಾರಾಯ್ತಿ. ತಲೆ ಕೆಟ್ಟು ಹೋಗ್ತದೆ."

"ಕೇಳ್ಲಿ ಶೇಕಬ್ಬಾಕ," ಎಂದೆ. "ನಾನು ಎರಡನೆಯ ಸಲ ಕೇಳಿದ್ದಿದ್ದರೆ ಅಲ್ಲಿ ನಾನೇ ಇರುತ್ತಿದ್ದೆ."

ನಗುತ್ತಾ ಹೇಳಬೇಕೆಂದಿದ್ದೆ. ಆಗಲಿಲ್ಲ.