ಬೂಟಿನಡಿಯ ಕುರಿಚರ್ಮ

"ಪೆನ್ನು ಹಿಡಿದು ಹಿಡಿದು ನನ್ನ ಕೈ ನೋಯ್ತಿದೆ ಸಾರ್," ಎಂದ ಕರ್ನಲ್ ತವಿಯಾ.

ಸೇನೆಯ ಬಲದಿಂದ ದೇಶ ಆಳುತ್ತಿದ್ದ ಜನರಲ್ ಅಂಪಾಡು ಪೆನ್ನು ಮುಟ್ಟಲಿಲ್ಲ. ಚುನಾವಣೆ ಮುಗಿದಿತ್ತು. ಗೆದ್ದವನೊಬ್ಬ ಮೇಷ್ಟ್ರು. ಅವನಿಗೆ ಅಧಿಕಾರ ಬಿಟ್ಟುಕೊಡಲು ಇನ್ನು ಐದೇ ದಿನ. ಅದನ್ನು ಒಂದು ವರ್ಷ ಮುಂದೂಡುವ ಆಜ್ಞೆ ಜನರಲ್‌ನ ತೊಡೆಯ ಮೇಲಿತ್ತು. ದೊಡ್ಡಮ್ಮನನ್ನು ನೋಡಿ ಹೋಗೋಣವೆಂದು ಹುಟ್ಟೂರಿಗೆ ಬಂದರೆ ತವಿಯಾ ಇಲ್ಲಿಗೂ ಬೆನ್ನು ಹತ್ತಿ ಬಂದಿದ್ದ, ಎರಡು ಲಾರಿ ಸಿಪಾಯಿಗಳ ಸಮೇತ.

"ಬೆತ್ತ ಹಿಡಿಯೋನ ಕೈಗೆ ದೇಶ ಕೊಡ್ತೀರಾ? ಮಾರನೇ ದಿನವೇ ನಿಮ್ಮನ್ನ ಜೈಲಿಗೆ ಹಾಕ್ತಾನೆ. ನೀವು ಹಿಂದಿನೋರನ್ನ ಹಾಕಲಿಲ್ವಾ?"

ಹಾಕಿದ್ದ. ಆ ಮುದುಕ ಅಲ್ಲೇ ಸತ್ತ.

"ಸಹಿ ಹಾಕದಿದ್ರೆ?"

"ನಿಮ್ಮ ಹೆಸರು ಹೇಳ್ಕೊಂಡೇ ಹುಡುಗ್ರು ರಾಜಧಾನಿಗೆ ನುಗ್ತಾರೆ. ನೀವು ದೊರೆಯಾಗಿರೋವರೆಗೂ ಇನ್ನೊಬ್ಬನನ್ನ ಒಪ್ಪಲ್ಲ ಅವರು."

ದೊಡ್ಡಮ್ಮ ಅಫುವಾ ಆ ಊರಿನ ರಾಜಮಾತೆ, ದೊರೆಯನ್ನು ಆರಿಸುವವಳು. ಅಂಗಳದ ಒಲೆಯ ಮೇಲೆ ಕಡಲೆಕಾಯಿ ಸಾರು ತಿರುವುತ್ತಿದ್ದಳು.

"ಏ ಕರ್ನಲ್ಲು, ಮೊದ್ಲು ಉಣ್ಣು. ಹಸಿದ ಹೊಟ್ಟೇಲಿ ಬರೋದು ಕೆಟ್ಟ ಬುದ್ಧಿನೇ." ಆಮೇಲೆ ಜನರಲ್‌ನತ್ತ ತಿರುಗಿದಳು. "ನಿನ್ನ ಸೋದರಮಾವ ದೊರೆಯಾಗಿ ಮೆರೆದಾಗ ಹಿರೀಕರು ಹಿಡ್ಕೊಂಡು ಚಪ್ಪಲಿ ಎಳೆದ್ರು. ನೆಪ್ಪೈತಾ?"

ಮರೆಯುವುದುಂಟೇ? ತಮ್ಮ ಅಕಾನ್ ಜನಾಂಗದ ದೊರೆಯ ಅಂಗಾಲು ನೆಲ ಮುಟ್ಟಬಾರದು; ಮುಟ್ಟಿತೆಂದರೆ ಅವನು ದೊರೆಯಲ್ಲ. ಮಾವನ ಮೆತ್ತನೆಯ ಪಾದ ಮಣ್ಣಿಗೆ ತಗುಲಿದ್ದೇ ತಡ, ಇಡೀ ಊರು ಬೆನ್ನು ತಿರುಗಿಸಿತ್ತು. ಈಗ ದೇಶದ ದೊರೆಯೆಂದು ಜನರಲ್‌ನ ಬೂಟಿನಡಿಯೂ ದೊಡ್ಡಮ್ಮ ಕುರಿಚರ್ಮ ಹಾಸಿದ್ದಳು.

"ನಿನ್ನ ಬೂಟು ಎಳೆಯೋಕೆ ಯಾವನಿಗೆ ಧೈರ್ಯ ಐತೆ? ಕೋವಿಯೆಲ್ಲ ನಿನ್ನ ಹತ್ರಾನೇ ಅವಲ್ಲ," ಎಂದು ಸೌಟನ್ನು ಮಡಕೆಯ ಅಂಚಿಗೆ ಬಡಿದಳು.

ಜನರಲ್ ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಿದ. ಗಂಟು ಬಿಗಿಯಾಗಿತ್ತು.

"ಸಾರ್, ಬೇಡ!" ತವಿಯಾನ ದನಿ ಒಡೆಯಿತು. ಅವನೂ ಲಾರಿಯ ಸಿಪಾಯಿಗಳೂ ಅದೇ ಸೀಮೆಯವರು. "ಹುಡುಗ್ರು ನೋಡ್ತಿದಾರೆ."

"ನೋಡ್ಲಿ ಅಂತಾನೇ ಕಣಯ್ಯಾ."

ಬೂಟು ಬಂತು, ಕಾಲುಚೀಲ ಬಂತು. ಲಾರಿಗಳ ಮೇಲಿನ ಹರಟೆ ನಿಂತಿತು. ಜನರಲ್ ಎದ್ದು ಚರ್ಮದಿಂದಾಚೆ ಕಾಲಿಟ್ಟ. ಕೆಂಪು ಮಣ್ಣು ಕಾದ ಹೆಂಚಿನಂತೆ ಸುಟ್ಟಿತು. ಕಾಲೆತ್ತಲಿಲ್ಲ.

"ಈಗ ಹಾಕಿಸ್ಕೋ ಕರ್ನಲ್ಲು, ದೊರೆಯಲ್ಲದೋನ ಸಹಿಯ," ಎಂದಳು ಮುದುಕಿ.

ತವಿಯಾ ಪೆನ್ನಿನ ಮುಚ್ಚಳಕ್ಕಾಗಿ ಜೇಬು ತಡಕಾಡಿದ. ಸಿಗಲಿಲ್ಲ. ಲಾರಿಯಲ್ಲಿದ್ದವರು ಒಬ್ಬೊಬ್ಬರಾಗಿ ಮುಖ ಆಚೆ ತಿರುಗಿಸಿದರು. ದೊಡ್ಡಮ್ಮ ಬೂಟುಗಳನ್ನು ಪಕ್ಕಕ್ಕಿಟ್ಟು, ಕುರಿಚರ್ಮವನ್ನು ಎರಡು ಸಲ ಕೊಡವಿ, ಸುರುಳಿ ಸುತ್ತತೊಡಗಿದಳು.