ಎಂಟನೆಯವಳು

“ಹಿಂಡಬ್ಯಾಡಂತ ಎಷ್ಟ್ ಸಲ ಬೊಗಳಬೇಕ ನಿನಗ? ಇದೇನ್ ನಿನ್ನ ಗಂಡನ ಧೋತರ ಅಂತ ತಿಳದೀಯೇನ, ರಂಡೇ?”

ಯಜಮಾನರ ಸೊಸೆ ಪ್ರಮೀಳಾ ಶಾಲು ಹೊದ್ದು ಮೆಟ್ಟಿಲ ಮೇಲೆ ನಿಂತಿದ್ದಳು. ವೀರಮ್ಮ ಕೆಳಗೆ ನಲ್ಲಿಯ ಬಳಿ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈಗಳನ್ನು ಬಕೀಟಿನೊಳಗೆ ಇಳಿಬಿಟ್ಟಿದ್ದಳು. ಅವಳು ಹಿಂಡಿರಲಿಲ್ಲ. ಜಾಕೀಟನ್ನು ನೀರಿನಿಂದ ಎತ್ತಿ ಹಿಡಿದಿದ್ದಳಷ್ಟೆ, ಅದು ತಾನಾಗಿಯೇ ಸೋರುತ್ತಿತ್ತು. ಪುಷ್ಯ ಮಾಸದ ಕಾಶಿಯ ನೀರು ಬೆರಳುಗಳ ಜೀವ ತೆಗೆದಿತ್ತು.

“ನಮ್ಮ ಅನ್ವಿತಾಂದು ಮೊದ್ಲ ಒಗಿ. ನಿನ್ನ ಮಗಳದ್ದು ಬ್ಯಾರೆ ನೀರಾಗ. ಎರಡೂ ಕೂಡಿಸಿದಿ ಅಂದ್ರ ನೋಡು ಮತ್ತ.”

“ಹೂನ್ರಿ ಅಕ್ಕೋರ.”

ಪ್ರಮೀಳಾ ಒಳಗೆ ಹೋದಳು. ವೀರಮ್ಮ ಜಾಕೀಟನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಅಂಗೈಗಳ ಮೇಲೆ ಎತ್ತಿ ಹಗ್ಗಕ್ಕೆ ಹಾಕಿದಳು. ಬನಾರಸದ ಸೀರೆಗೆ ಜರಿ ನೇಯ್ದ ಹಾಗೆ ಅದಕ್ಕೂ ಲೋಹದ ಎಳೆ ನೇಯ್ದಿರುತ್ತಾರೆ. ಕತ್ತಿಯಾಟದಲ್ಲಿ ಎದುರಾಳಿಯ ಮೊನೆ ಆ ಎಳೆಗೆ ತಗುಲಿದರೆ ಯಂತ್ರದಲ್ಲಿ ದೀಪ ಹೊತ್ತುತ್ತದೆ. ಹಿಂಡಿದರೆ ಎಳೆ ಹರಿಯುತ್ತದೆ. ಹರಿದಲ್ಲಿ ಎಷ್ಟು ಚುಚ್ಚಿದರೂ ದೀಪವಿಲ್ಲ. ಆಡುವ ಹುಡುಗಿಯರು ಅದನ್ನು ಸತ್ತ ಜಾಗ ಎನ್ನುತ್ತಿದ್ದರು. ಮಗಳು ವರ್ಷಿಣಿ ಇದನ್ನು ಹೇಳಿದ ದಿನ ವೀರಮ್ಮ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಿದ್ದಳು.

ಕಾಶಿಯ ಭೇಲೂಪುರದ ಆ ಯಾತ್ರಿನಿವಾಸಕ್ಕೆ ಕರ್ನಾಟಕದಿಂದ ಬಸ್ಸುಗಟ್ಟಲೆ ಜನ ಬರುತ್ತಿದ್ದರು. ಅವರು ಮಲಗಿ ಎದ್ದ ಚಾದರಗಳನ್ನು ಒಗೆಯಲೆಂದು ಕಲಬುರಗಿ ಕಡೆಯ ಊರಿನಿಂದ ವೀರಮ್ಮನನ್ನೂ ಗಂಡನನ್ನೂ ಕರೆತಂದು ಮೆಟ್ಟಿಲ ಕೆಳಗಿನ ಖೋಲಿ ಕೊಟ್ಟಿದ್ದರು. ಮಗಳು ಅಲ್ಲೇ ಹುಟ್ಟಿದಳು. ಗಂಡ ಅಲ್ಲೇ ಸತ್ತ. ಸತ್ತ ದಿನವೂ ಒಂದು ಬಸ್ಸು ಬಂದಿತ್ತು, ಚಾದರಗಳು ಬೇಕಿದ್ದವು.

ಹಿರಿಯರ ಹೆಸರಿನಲ್ಲಿ ಊಟ ಹಾಕಿಸಲು ಬರುವವರಿಗೆ ಪಂಕ್ತಿಯ ಎಣಿಕೆ ತುಂಬಬೇಕು. ಒಬ್ಬ ಕಡಿಮೆ ಬಿದ್ದರೆ ಯಜಮಾನರಾದ ಶಿವಮೂರ್ತಯ್ಯನವರು ಗಲ್ಲಿಯಿಂದ ಯಾರನ್ನೋ ಹಿಡಿದು ತಂದು, ಹೆಗಲಿಗೊಂದು ಶಾಲು ಹೊದಿಸಿ, ಸಾಲಿನ ಕೊನೆಗೆ ಕೂಡಿಸುತ್ತಿದ್ದರು. ಊಟ ಮುಗಿದ ಮೇಲೆ ಶಾಲು ವಾಪಸ್ಸು. ವೀರಮ್ಮನ ಗಂಡನನ್ನು ಮಾತ್ರ ಒಮ್ಮೆಯೂ ಕರೆದವರಲ್ಲ. ಎಷ್ಟೇ ಕಡಿಮೆ ಬೀಳಲಿ, ಹೊಲಗೇರಿಯವನು ಎಣಿಕೆಗೆ ಬರುವುದಿಲ್ಲ. ಪಂಕ್ತಿಯಲ್ಲಿ ಮುಖ ಕಾಣುತ್ತದೆ.

ಫೆನ್ಸಿಂಗೆಂಬ ಆ ಕತ್ತಿಯಾಟದಲ್ಲಿ ಮುಖ ಕಾಣುವುದಿಲ್ಲ. ತಲೆಗೆ ಜಾಲರಿಯ ಮುಖವಾಡ, ಮೈಗೆ ಬಿಳಿ ಉಡುಪು, ಮೇಲೆ ಜರಿ ಜಾಕೀಟು. ಯಾತ್ರಿನಿವಾಸದ ಕೆಳಗಿನ ಮದುವೆ ಹಾಲಿನಲ್ಲಿ ಲಗ್ನವಿಲ್ಲದ ದಿನ ಹುಡುಗಿಯರ ಕ್ಲಬ್ಬು ನಡೆಯುತ್ತಿತ್ತು. ಅದಕ್ಕೆ ಶಿವಮೂರ್ತಯ್ಯನವರೇ ಅಧ್ಯಕ್ಷರು. ಮೊಮ್ಮಗಳು ಅನ್ವಿತಾಳಿಗಾಗಿ ಕಟ್ಟಿಸಿದ್ದು. ಆದರೆ ಕನಿಷ್ಠ ಎಂಟು ಮಂದಿ ಆಡದಿದ್ದರೆ ಪಂದ್ಯಕ್ಕೆ ಪಾಯಿಂಟಿಲ್ಲವೆಂಬ ನಿಯಮವಿತ್ತು, ಹಣವುಳ್ಳವರ ಮನೆಗಳಲ್ಲಿ ಎಂಟು ಹುಡುಗಿಯರು ಸಿಗಲಿಲ್ಲ. ದೋಣಿಯವನ ಮಗಳು, ಮಗ್ಗದವನ ಮಗಳು ಬಂದರು. ಕೊನೆಗೆ ಶಿವಮೂರ್ತಯ್ಯನವರು ವೀರಮ್ಮನನ್ನೂ ಕರೆದರು.

“ಬರೇ ನಿಂದ್ರೂದು. ಎಂಟ್ ಮಂದಿ ಆಗಬೇಕು, ಅಷ್ಟ. ನಿನ್ನ ಹುಡುಗಿ ನಿಂತ್ರ ನಮ್ಮ ಕೂಸಿಗೆ ಪಾಯಿಂಟ್ ಬರ್ತಾವ. ನಿನಗೂ ಪುಣ್ಯ ಬರ್ತದ.”

ಪಂಕ್ತಿಯ ಶಾಲಿನ ಹಾಗೆಯೇ ಜಾಕೀಟು ಕೊಟ್ಟರು, ಆಟ ಮುಗಿದೊಡನೆ ಬಿಚ್ಚಿಸಿಕೊಂಡರು. ಆದರೆ ನಿಲ್ಲಲು ಬಂದ ಹುಡುಗಿ ನಿಲ್ಲಲಿಲ್ಲ. ಮೊದಲು ಹಿಂದೆ ಸರಿಯುವುದನ್ನು ಕಲಿತಳು. ಆಮೇಲೆ ಕಾಯುವುದನ್ನು. ಆಮೇಲೆ ಒಂದು ದಿನ ಅನ್ವಿತಾಳ ಎದೆಗೆ ಮೊನೆ ತಗುಲಿಸಿ ದೀಪ ಹೊತ್ತಿಸಿದಳು.

ಅಸ್ಸಿ ಘಾಟಿನ ಮೆಟ್ಟಿಲುಗಳ ಮೇಲೆ ತಾಯಿ ಮಗಳು ಚಾದರ ಒಣಹಾಕುವಾಗ, ಗಾಳಿಗೆ ಹಾರದಂತೆ ಅಂಚಿಗಿಟ್ಟ ಕಲ್ಲುಗಳನ್ನೇ ಸಾಲಾಗಿ ಜೋಡಿಸಿ ವರ್ಷಿಣಿ ಆಟದ ಲೆಕ್ಕ ಹೇಳಿಕೊಟ್ಟಳು. ಮೊದಲು ಎಲ್ಲರೂ ಎಲ್ಲರ ಜೊತೆ ಆಡಬೇಕು. ಅದರಲ್ಲಿ ಯಾರು ಎಷ್ಟು ಗೆದ್ದರೆಂದು ನೋಡಿ ಜೋಡಿ ಹಚ್ಚುತ್ತಾರೆ. ಅಲ್ಲಿಂದ ಮುಂದೆ ಸೋತವಳು ಮನೆಗೆ. ಮುಗಿಸಿದ ಸ್ಥಾನದ ಮೇಲೆ ಪಾಯಿಂಟು. ಚಳಿಗಾಲದಲ್ಲಿ ಮೂರು ಪಂದ್ಯ, ಅದರಲ್ಲಿ ಒಳ್ಳೆಯವು ಎರಡನ್ನು ಕೂಡಿಸುತ್ತಾರೆ. ಕೂಡಿಸಿದಾಗ ಮೊದಲ ನಾಲ್ಕರಲ್ಲಿದ್ದವರು ಲಖನೌಗೆ, ರಾಜ್ಯದ ಪಂದ್ಯಕ್ಕೆ.

ಅವಳು ನಾಲ್ಕನೆಯ ಕಲ್ಲಿನ ಮೇಲೆ ಬೆರಳಿಟ್ಟಳು.

“ಯೇ ಮೈ ಹ್ಞೂಂ. ನಾನು. ಇದರ ಹಿಂದ ಅನ್ವಿತಾ. ಐತವಾರದ ಆಟದಾಗ ಆಕಿ ನನಗಿಂತ ಮ್ಯಾಲ ಬಂದ್ರ ಆಕಿ ಹೋಗ್ತಾಳ. ನಹೀ ತೋ, ಇಲ್ಲಾಂದ್ರ ನಾ.”

ವೀರಮ್ಮ ಚಾದರದ ಅಂಚು ಎಳೆಯುತ್ತ, ಎಂಟು ಮಂದಿ ಆಗದಿದ್ದರೆ ಏನೆಂದು ಕೇಳಿದಳು.

“ತೋ ಕುಛ್ ನಹೀ. ಆ ಆಟ ಲೆಕ್ಕಕ್ಕಿಲ್ಲ. ಹಳೇದ ನಡೀತದ.” ಮಗಳು ನಕ್ಕಳು. ದೋಣಿಯವನ ಮಗಳು ಮದುವೆಗೆಂದು ಮಿರ್ಜಾಪುರಕ್ಕೆ ಹೋಗಿರುವುದರಿಂದ ಈ ಸಲ ಸರಿಯಾಗಿ ಎಂಟೇ ಮಂದಿ, ಒಬ್ಬರೂ ಹೆಚ್ಚಿಲ್ಲ ಎಂದು ಹೇಳಿ ಕಲ್ಲುಗಳನ್ನು ಮತ್ತೆ ಚಾದರದ ಅಂಚಿಗೆ ಇಟ್ಟಳು.

ಶನಿವಾರ ಮಧ್ಯಾಹ್ನ ಶಿವಮೂರ್ತಯ್ಯನವರಿಂದ ಕರೆ ಬಂತು. ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಧರಿಸಿ ಕೂತಿದ್ದರು. ವೀರಮ್ಮ ಹೊಸ್ತಿಲ ಹೊರಗೆ ನಿಂತಳು. ಅವರು ಬೈಯುವವರಲ್ಲ. ಬೈಗುಳವನ್ನು ಸೊಸೆಗೆ ಬಿಟ್ಟುಕೊಟ್ಟು ತಾವು ಸಣ್ಣ ದನಿಯಲ್ಲಿ, ಮಂತ್ರ ಹೇಳಿದ ಹಾಗೆ ಮಾತಾಡುತ್ತಿದ್ದರು.

“ನಾಳೆ ನಿನ್ನ ಮಗಳು ಬರಬೇಕು. ಬರಲಿಲ್ಲಂದ್ರ ಎಂಟ್ ಆಗಂಗಿಲ್ಲ. ಬಂದು ಸೋಲಬೇಕು.”

ವೀರಮ್ಮ ನೆಲ ನೋಡುತ್ತಿದ್ದಳು.

“ಗೆದ್ರೇನ್ರೀ ಅಯ್ನೋರ?”

ಅವರು ಹಾಲಿನ ಲೋಟ ಕೆಳಗಿಟ್ಟರು. “ಕುದರಿ ಮೈ ತಿಕ್ಕಾಕ ಬಂದಾವ ಕುದರಿ ಏರಿ ಕುಂತ್ರ ಹೆಂಗಬೇ? ಆ ಖೋಲ್ಯಾಗ ಚಾದರ ಇಡಾಕ ಜಾಗ ಸಾಲವಲ್ದು ಅಂತ ಪ್ರಮೀಳಾ ಅನ್ನಾಕತ್ತಾಳ. ನಾನಽ ಇರ್ಲಿ ಬಿಡು ಅಂದೀನಿ. ಸೋಮವಾರನೂ ಇರ್ಲಿ ಬಿಡು ಅನ್ನೂಹಂಗ ಮಾಡು.”

ಪ್ರಸಾದದ ಬಾಳೆಹಣ್ಣನ್ನು ಮೇಲಿನಿಂದ ಕೈಬಿಟ್ಟರು. ಅದು ಅವಳು ಚಾಚಿದ ಸೆರಗಿಗೆ ಬೀಳದೆ ಹೊಸ್ತಿಲ ಮೇಲೆ ಬಿತ್ತು. ಅವಳು ಬಾಗಿ ಎತ್ತಿಕೊಂಡಳು. ಮೊದಮೊದಲು ಇಂಥ ಹೊತ್ತಿನಲ್ಲಿ ಮೈಯೊಳಗೆ ಏನೋ ಹೊತ್ತಿಕೊಳ್ಳುತ್ತಿತ್ತು. ಅದು ಯಾವಾಗ ನಿಂತಿತೋ ನೆನಪಿಲ್ಲ. ಗಂಡ ಸತ್ತ ಮೇಲೋ, ಅದಕ್ಕೂ ಮುಂಚೆಯೋ. ಅವಳ ಮೈಯಲ್ಲೂ ಎಷ್ಟೋ ಕಡೆ ಎಳೆ ಹರಿದಿತ್ತು.

ಬಾಳೆಹಣ್ಣನ್ನು ಅರ್ಧ ಮಾಡಿ ಮಗಳಿಗೆ ಕೊಟ್ಟು, ಅಯ್ನೋರು ಹೇಳಿದ್ದನ್ನು ಹೇಳಿದಳು. ವರ್ಷಿಣಿ ಹಣ್ಣು ತಿಂದು ಮುಗಿಸಿದಳು.

“ಸೋಲಾಕ ಬರಂಗಿಲ್ಲ ಅವ್ವಾ ನಂಗ. ಕೈ ಕೇಳಂಗಿಲ್ಲ.”

ಅಷ್ಟೇ. ಅವಳ ಕೈಯನ್ನು ವೀರಮ್ಮ ನೋಡಿದಳು. ಸೋಡಾಪುಡಿಗೆ ಬಿರಿದ, ತನ್ನದೇ ಕೈ. ಆದರೆ ಅದರಲ್ಲಿ ಜೀವವಿತ್ತು.

ಐತವಾರ ಬೆಳಿಗ್ಗೆ ಮಂಜು ಇನ್ನೂ ಹರಿದಿರಲಿಲ್ಲ. ವರ್ಷಿಣಿ ಹಾಲಿಗೆ ಹೋಗಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದಳು. ಜಾಕೀಟುಗಳು ಹಗ್ಗದ ಮೇಲೆ ಒಣಗಿ ನಿಂತಿದ್ದವು. ವೀರಮ್ಮ ಮಗಳದ್ದನ್ನು ಇಳಿಸಿಕೊಂಡು ನಲ್ಲಿಯ ಬಳಿಗೆ ಹೋದಳು, ಬಕೀಟಿನಲ್ಲಿ ಅದ್ದಿದಳು.

ಚಾದರ ಹಿಂಡುವುದು ಇಬ್ಬರ ಕೆಲಸ. ಎರಡು ತುದಿ ಹಿಡಿದು ಎದುರುಬದುರು ನಿಂತು ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುವಬೇಕು. ಮಗಳು ನಡೆಯಲು ಕಲಿತಂದಿನಿಂದ ಆ ತುದಿ ಮಗಳದ್ದೇ. ಇಂದು ಜಾಕೀಟಿನ ಆ ತುದಿಯನ್ನು ನಲ್ಲಿಯ ಕೊಳವೆಗೆ ಸುತ್ತಿದಳು. ಈ ತುದಿಯನ್ನು ತಿರುವಿದಳು. ಬೆರಳುಗಳಿಗೆ ಏನೂ ತಿಳಿಯುತ್ತಿರಲಿಲ್ಲ. ಕಿವಿಗೆ ಮಾತ್ರ ಕೇಳಿಸಿತು, ಒಣಕಡ್ಡಿ ಮುರಿದ ಹಾಗೆ ಸಣ್ಣಗೆ ಚಿಟಿ ಚಿಟಿ. ಇನ್ನೊಂದು ಸುತ್ತು ತಿರುವಿದಳು. ಆಮೇಲೆ ಬಿಚ್ಚಿ, ಕೊಡವಿ, ನೀಟಾಗಿ ಮಡಿಸಿ ಮಗಳ ಚೀಲಕ್ಕೆ ಹಾಕಿದಳು.

ಹಾಲಿನ ಬಾಗಿಲಲ್ಲೇ ತಪಾಸಣೆಯ ಮೇಜು. ಲಖನೌದಿಂದ ಬಂದ ಹೆಂಗಸೊಬ್ಬಳು ಪ್ರತಿ ಜಾಕೀಟಿನ ಮೇಲೂ ತಂತಿಯ ಮೊನೆ ಎಳೆದು, ದೀಪ ಹೊತ್ತಿಕೊಂಡೇ ಇದ್ದರೆ ಮುದ್ರೆ ಒತ್ತುತ್ತಿದ್ದಳು. ಅನ್ವಿತಾಳ ಎರಡು ಜಾಕೀಟಿಗೂ ಮುದ್ರೆ ಬಿತ್ತು. ವರ್ಷಿಣಿಯದರ ಮೇಲೆ ದೀಪ ಹೊತ್ತಿತು, ಆರಿತು, ಮತ್ತೆ ಹೊತ್ತಲಿಲ್ಲ. ಆಕೆ ತಿರುಗಿಸಿ ಬೆನ್ನಿನ ಮೇಲೆ ಎಳೆದಳು. ಅಲ್ಲಿಯೂ ಇಲ್ಲ. ಇದು ಸತ್ತಿದೆ, ಬೇರೆ ತಾ ಎಂದು ಹಿಂದಿಯಲ್ಲಿ ಹೇಳಿ ಜಾಕೀಟನ್ನು ಪಕ್ಕಕ್ಕೆ ಸರಿಸಿದಳು.

ವರ್ಷಿಣಿ ಒದ್ದೆ ಬಟ್ಟೆಯನ್ನು ಮುಟ್ಟಿದಳು. ತಿರುಗಿ, ಗೋಡೆಯ ಬಳಿ ಪೊರಕೆ ಹಿಡಿದು ನಿಂತ ತಾಯಿಯನ್ನು ನೋಡಿದಳು. ವೀರಮ್ಮ ನೋಟ ತಪ್ಪಿಸಲಿಲ್ಲ.

ಉಳಿದ ಹುಡುಗಿಯರೆಲ್ಲ ಮೈಕಟ್ಟಿನಲ್ಲಿ ಚಿಕ್ಕವರು. ಅವರ ಜಾಕೀಟು ವರ್ಷಿಣಿಯ ಹೆಗಲಿಗೇ ಸಿಕ್ಕಿಕೊಂಡಿತು. ಅವಳ ಎತ್ತರಕ್ಕೆ ಹೊಂದುವುದು ಅನ್ವಿತಾಳದೊಂದೇ. ಲಖನೌದ ಹೆಂಗಸು ಗಡಿಯಾರ ನೋಡಿ ನಿಯಮ ಹೇಳಿದಳು: ಒಂದೊಂದು ನಿಮಿಷ ಬಿಟ್ಟು ಮೂರು ಸಲ ಹೆಸರು ಕರೆಯುತ್ತೇನೆ, ಬರದಿದ್ದರೆ ಏಳೇ ಮಂದಿ, ಏಳಕ್ಕೆ ಪಾಯಿಂಟಿಲ್ಲ. ಆ ಮಗುವಿನ ಚೀಲದಲ್ಲಿ ಇನ್ನೊಂದಿದೆಯಲ್ಲ, ಕೊಟ್ಟರಾಯಿತು.

ಮೊದಲ ಸಲ ವರ್ಷಿಣಿಯ ಹೆಸರು ಕರೆದರು.

“ಮೇರೀ ಲೇ ಲೇ, ನಂದು ತಗೋ,” ಎಂದು ಅನ್ವಿತಾ ಸಹಜವಾಗಿಯೇ ಚೀಲಕ್ಕೆ ಬಾಗಿದಳು. ಪ್ರಮೀಳಾ ಚೀಲದ ಮೇಲೆ ಕಾಲಿಟ್ಟಳು.

“ಮುಟ್ಟಬ್ಯಾಡ. ಆ ಹೊಲತಿ ಮೈಮ್ಯಾಗಿಂದು ನಾಳೆ ನೀ ಹಾಕ್ಕೋತೀಯೇನ?”

ಶಿವಮೂರ್ತಯ್ಯನವರು ಹತ್ತಿರ ಬಂದರು. ಯಾರಿಗೂ ಕೇಳಿಸದ ದನಿ, ಆದರೆ ಕಸ ಗುಡಿಸುವವಳ ಮುಂದೆ ದನಿ ತಗ್ಗಿಸುವ ರೂಢಿ ಅವರಿಗಿರಲಿಲ್ಲ.

“ಕೊಡವಾ. ಇದೊಂದ್ ದಿನ. ಆಮ್ಯಾಲ ಸುಟ್ಟ್ ಹಾಕೂಣು.”

“ನಿಮ್ಮ ಪಂಕ್ತ್ಯಾಗ ಅವರನ್ನ ಯಾವತ್ತರೆ ಕೂಡಿಸೀರೇನ್ರೀ ಮಾವಾರ? ಒಬ್ಬಾಂವ ಕಡಿಮಿ ಬಿದ್ದಾಗ?”

ಎರಡನೆಯ ಸಲ ಹೆಸರು ಕರೆದರು. ಶಿವಮೂರ್ತಯ್ಯನವರು ಸೊಸೆಯ ಕಾಲು ನೋಡಿದರು, ಚೀಲ ನೋಡಿದರು, ಬಾಗಿಲ ಬಳಿ ಬರಿ ಬಿಳಿ ಉಡುಪಿನಲ್ಲಿ ಕತ್ತಿ ಹಿಡಿದು ನಿಂತ ಹುಡುಗಿಯನ್ನು ನೋಡಿದರು. ಅನ್ವಿತಾ ಉಗುರು ಕಚ್ಚತೊಡಗಿದಳು.

ಮೂರನೆಯ ಸಲ ಕರೆದದ್ದು ಹಾಲಿನ ಆ ತುದಿಯವರೆಗೂ ಕೇಳಿಸಿತು. ಪ್ರಮೀಳಾ ಕಾಲು ತೆಗೆಯಲಿಲ್ಲ. ಲಖನೌದ ಹೆಂಗಸು ಯಂತ್ರದ ವೈರು ಕಿತ್ತು ಸುತ್ತಿದಳು. ಈ ಆಟ ಲೆಕ್ಕಕ್ಕಿಲ್ಲ, ಹಳೆಯ ಸ್ಥಾನಗಳೇ ಖಾಯಂ, ಅದರಲ್ಲಿ ಮೊದಲ ನಾಲ್ವರೇ ಲಖನೌಗೆ ಎಂದು ಯಾರನ್ನೂ ನೋಡದೆ ಹೇಳಿ, ಚಹಾ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ಹೊರಗೆ ಹೋದಳು.

ಶಿವಮೂರ್ತಯ್ಯನವರು ಮೇಜಿನ ಮೇಲಿದ್ದ ಜಾಕೀಟನ್ನು ಎರಡು ಬೆರಳಲ್ಲಿ ಎತ್ತಿದರು. ನೀರು ತೊಟ್ಟಿಕ್ಕಿತು.

“ಯಾರು ಹಿಂಡಿದ್ರು ಇದನ್ನ?”

“ನಾನ್ರೀ,” ಎಂದಳು ವೀರಮ್ಮ.

ಕಪಾಳಕ್ಕೆ ಬಿತ್ತು. ಇಡೀ ಹಾಲ್ ತುಂಬ ಸದ್ದಾಯಿತು, ಹುಡುಗಿಯರು ತಿರುಗಿ ನೋಡಿದರು. ಅವಳ ತಲೆ ಒಂದು ಕಡೆಗೆ ಹೊರಳಿ ಮತ್ತೆ ಮೊದಲಿನಂತೆ ನೆಟ್ಟಗಾಯಿತು. ಹೊಡೆದದ್ದು ಅವಳಿಗೆ ತಿಳಿಯಿತು. ಅಷ್ಟೇ. ದೀಪ ಹೊತ್ತಲಿಲ್ಲ.

“ಸೂಳೀಮಗಳಽ, ಈಗಿಂದೀಗ ಖೋಲಿ ಖಾಲಿ ಮಾಡು!” ಆ ಸಣ್ಣ ದನಿ ಮೊದಲ ಸಲ ಒಡೆದಿತ್ತು. “ಲಖನೌಗೆ ಹೆಸರು ಕಳಸಾಂವ ನಾನು. ನಿನ್ನ ಮಗಳು ಹ್ಯಾಂಗ ಹೋಗ್ತಾಳ ನಾನೂ ನೋಡ್ತೀನಿ.”

ಶಿವಮೂರ್ತಯ್ಯ ಜಾಕೀಟನ್ನು ಅವಳ ಕಾಲ ಬಳಿ ಎಸೆದ. ವೀರಮ್ಮ ಪೊರಕೆಯನ್ನು ಗೋಡೆಗೆ ಆನಿಸಿ ಇಟ್ಟಳು. ಬಾಗಿ ಜಾಕೀಟು ಎತ್ತಿಕೊಂಡಳು.

ವರ್ಷಿಣಿ ನಡೆದು ಬಂದಳು. ಹಾಲಿನ ನಡುವೆ ಹಾಸಿದ ಲೋಹದ ಪಟ್ಟಿಯ ಮೇಲೆ, ಆಡುವವರು ನಿಲ್ಲುವ ಜಾಗದಲ್ಲಿ, ತಾಯಿಯ ಎದುರಿಗೆ ನಿಂತಳು. ಅವಳ ಕಣ್ಣುಗಳು ಒಣಗಿದ್ದವು.

“ನಾ ಗೆಲ್ತಿದ್ದೆ ಅವ್ವಾ.”

“ಗೊತ್ತದ.”

“ನನಗ ಕೇಳಬೇಕಿತ್ತು.”

ಜಾಕೀಟು ವೀರಮ್ಮನ ಕೈಯಿಂದ ಜೋತಾಡುತ್ತಿತ್ತು. ಮಗಳು ಅದನ್ನೇ ನೋಡುತ್ತಿದ್ದಳು. ಗಲ್ಲಿಯಲ್ಲಿ ಆಟೋ ಒಂದು ಕಿರುಚುತ್ತ ಹೋಯಿತು. ಆಮೇಲೆ ವರ್ಷಿಣಿ ಕತ್ತಿಯನ್ನು ನೆಲಕ್ಕಿಟ್ಟಳು, ಮುಖವಾಡವನ್ನು ನೆಲಕ್ಕಿಟ್ಟಳು, ಕೈಗವಸು ಕಳಚಿದಳು. ಬರಿಗೈ ಚಾಚಿ ಜಾಕೀಟಿನ ಆ ತುದಿ ಹಿಡಿದಳು.

ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುವಿದರು. ಬೆಳಿಗ್ಗೆ ನಲ್ಲಿಯ ಬಳಿ ಹರಿಯದೆ ಉಳಿದಿದ್ದ ಎಳೆಗಳು ಈಗ ಒಂದೊಂದಾಗಿ ಹರಿದವು. ಆ ಹಾಲಿನಲ್ಲಿ ಅದೊಂದೇ ಸದ್ದು. ಜಾಕೀಟು ಹಗ್ಗವಾಯಿತು. ಅದರಿಂದ ನೀರು ಲೋಹದ ಪಟ್ಟಿಯ ಮೇಲೆ ಟಪ್ ಟಪ್ ಬಿತ್ತು, ನಿಂತಿತು. ಹಿಂಡಲು ಇನ್ನೇನೂ ಉಳಿದಿರಲಿಲ್ಲ. ಅವರು ತಿರುವುತ್ತಲೇ ಇದ್ದರು.