ನಲವತ್ತೊಂದನೇ ನಂಬರಿನವಳು

ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಹಡಿ ಮೇಲೆ ನಮ್ಮ ಆಫೀಸು. ಹನ್ನೊಂದು ಜನ ಹೆಂಗಸರು, ಹನ್ನೊಂದು ಕಂಪ್ಯೂಟರು, ಒಬ್ಬ ಸೂಪರ್‌ವೈಸರ್. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಹಣವನ್ನು ಕೊಳ್ಳಲು, ಮಾರಲು ಖಾತೆ ತೆರೆಯುವವರು ಮೊದಲು ವಿಡಿಯೊ ಕಾಲ್‌ನಲ್ಲಿ ನಮ್ಮ ಮುಂದೆ ಬಂದು ತಾವು ತಾವೇ ಎಂದು ತೋರಿಸಿಕೊಡಬೇಕು. ಪ್ಯಾನ್ ಕಾರ್ಡ್ ತೋರಿಸಿ, ಮುಖ ಎಡಕ್ಕೆ ತಿರುಗಿಸಿ, ಈಗ ಬಲಕ್ಕೆ, ಎರಡು ಸಲ ಕಣ್ಣು ಮಿಟುಕಿಸಿ. ದಿನಕ್ಕೆ ನಲವತ್ತು ಜನರಿಗೆ ಇದನ್ನೇ ಹೇಳುತ್ತೇನೆ. ಮನೆಯಲ್ಲಿ ಗಂಡ ಕರೆದರೆ ಎಡಕ್ಕೆ ತಿರುಗಿ ಅನ್ನುವುದೊಂದು ಬಾಕಿ.

ಬಂದವರೆಲ್ಲ ಸುಮ್ಮನೆ ತಿರುಗುವುದಿಲ್ಲ. ಕೊಟ್ಟೂರಿನ ಭೀಮೇಶ್ ಅನ್ನುವ ಒಬ್ಬ ಮೇಷ್ಟ್ರು ನನ್ನ ಜೊತೆ ಹದಿನೈದು ನಿಮಿಷ ಜಗಳ ಆಡಿದ್ದರು.

"ಹೆಸರು ಕೇಳದ ದುಡ್ಡು ಅಂತ ಇದಕ್ಕ ಬಂದೀನಿ. ಯಾರು ಯಾರಿಗೆ ಕೊಟ್ರು ಅಂತ ಸರ್ಕಾರಕ್ಕೂ ತಿಳೀಬಾರದು, ಅದರ ಮಜಾನೇ ಅದು. ನೀವು ನೋಡಿದ್ರ ಕುರಿ ಕೊಳ್ಳೋರಂಗ ಬಾಯಿ ತೆಗಿ ಅಂತೀರಿ."

"ಬಾಯಿ ತೆಗಿಯಿರಿ ಅಂದಿಲ್ಲ ಸರ್, ಕಣ್ಣು ಮಿಟುಕಿಸಿ ಅಂದೆ."

"ನಿಮ್ಮ ಹೆಸರೇನ್ರಿ? ಅದನ್ನ ಮೊದ್ಲು ಹೇಳ್ರಿ."

ಅದನ್ನು ಮಾತ್ರ ಹೇಳುವ ಹಾಗಿಲ್ಲ. ನಮ್ಮ ಕಡೆಯ ಕ್ಯಾಮೆರಾ ಸದಾ ಬಂದ್. ಅವರಿಗೆ ಕಾಣುವುದು ಕಂಪನಿಯ ಚಿತ್ರ, ಅದರ ಕೆಳಗೆ ನಲವತ್ತೊಂದು ಎಂಬ ನನ್ನ ನಂಬರು. ಯಾವ ಕಂಪನಿಗೆ ಕೆಲಸ ಮಾಡುತ್ತೇವೆ ಅಂತ ಮನೆಯವರಿಗೂ ಹೇಳಬಾರದು ಎಂದು ಸಹಿ ಹಾಕಿಸಿಕೊಂಡಿದ್ದಾರೆ. ಹರಪನಹಳ್ಳಿ ಕಡೆಯ ಅರಸೀಕೆರೆಯಲ್ಲಿರುವ ನಮ್ಮ ಅವ್ವ ಹುಲುಗಮ್ಮನಿಗೆ, ತಮ್ಮ ಹುಲುಗೇಶನಿಗೆ ಗೊತ್ತಿದ್ದದ್ದು ರೇಖಾ ಕಂಪ್ಯೂಟರ್ ಕೆಲಸ ಮಾಡುತ್ತಾಳೆ ಅಂತ ಅಷ್ಟೇ. ನಿಜ ಹೇಳಬೇಕೆಂದರೆ ಆ ಸಹಿಯಿಂದ ನನಗೆ ಅನುಕೂಲವೇ ಆಗಿತ್ತು. ಹೇಳಿದ್ದರೆ ನೆಂಟರೆಲ್ಲ ಪ್ಯಾನ್ ಕಾರ್ಡ್ ಹಿಡಿದುಕೊಂಡು ಮನೆ ಬಾಗಿಲಿಗೆ ಬರುತ್ತಿದ್ದರು.

ಮೊನ್ನೆ ಬುಧವಾರ ಸಂಜೆ ನಾಲ್ಕಕ್ಕೆ ಮೂವತ್ತನೆಯ ಕಾಲ್ ಬಂತು. "ನಮಸ್ಕಾರ, ಗುರುತಿನ ಪರಿಶೀಲನೆಗೆ ಸ್ವಾಗತ" ಎಂದು ಆಫೀಸಿನ ಕನ್ನಡದಲ್ಲಿ ಹೇಳಿ ತಲೆ ಎತ್ತಿದೆ. ಪರದೆಯ ಮೇಲೆ ಅವ್ವ ಕೂತಿದ್ದಳು.

ಹಸಿರು ಸೀರೆ, ತಲೆ ಮೇಲೆ ಸೆರಗು. ಹಿಂದೆ ನಮ್ಮ ಮನೆಯ ನೀಲಿ ಗೋಡೆ, ಅದರ ಮೇಲೆ ಅಪ್ಪನ ಫೋಟೊ. ನನ್ನ ನಮಸ್ಕಾರ ಕೇಳಿ ಅವ್ವ ಒಮ್ಮೆ ನಕ್ಕಳು, ಸೆರಗು ಸರಿ ಮಾಡಿಕೊಂಡಳು. ಹೆದರಿದವರು ಹಾಗೆ ನಗುವುದನ್ನು ದಿನಾ ನೋಡುತ್ತೇನೆ, ಇದೂ ಹಾಗೇ ಅಂದುಕೊಂಡೆ.

ಅವ್ವನಂಥವರ ಹೆಸರಿನಲ್ಲಿ ಇಂಥ ಖಾತೆ ಯಾಕೆ ಬೇಕಾಗುತ್ತದೆ ಎಂದು ತರಬೇತಿಯ ಮೊದಲ ದಿನವೇ ಹೇಳಿದ್ದರು. ಯಾರಿಗೋ ಟೋಪಿ ಹಾಕಿದ ದುಡ್ಡು ಏನೂ ತಿಳಿಯದವರ ಹೆಸರಿನ ಬ್ಯಾಂಕ್ ಖಾತೆಗೆ ಬರುತ್ತದೆ, ಅಲ್ಲಿಂದ ಕ್ರಿಪ್ಟೊ ಆಗಿ ದೇಶ ದಾಟುತ್ತದೆ. ಆಡಿಸುವವನ ಹೆಸರು ಎಲ್ಲೂ ಇರುವುದಿಲ್ಲ. ಪೊಲೀಸರ ಕೈಗೆ ಸಿಗುವವಳು ಕಣ್ಣು ಮಿಟುಕಿಸಿದವಳು. ಅವ್ವ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಅದರ ಗೌರವಧನ, ಗೃಹಲಕ್ಷ್ಮಿಯ ಹಣ ಎಲ್ಲ ಬೀಳುವುದು ಒಂದೇ ಖಾತೆಗೆ, ಅರ್ಜಿಯಲ್ಲಿದ್ದದ್ದೂ ಅದೇ ಖಾತೆ. ಪಾಸು ಮಾಡುವ ಹಸಿರು ಗುಂಡಿಯನ್ನು ನಾನು ಒತ್ತಿದರೆ, ಒಂದಲ್ಲ ಒಂದು ದಿನ ಆ ಖಾತೆಗೆ ಬೀಗ ಬಿದ್ದು ಅವ್ವನ ಹೆಸರಿಗೆ ಎಲ್ಲಿಂದಲೋ ನೋಟಿಸು ಬರುತ್ತದೆ.

"ಪ್ಯಾನ್ ಕಾರ್ಡ್ ತೋರಿಸಿ" ಅಂದೆ. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ.

ಪಕ್ಕದಿಂದ ಒಂದು ಕೈ ಬಂದು ಕಾರ್ಡ್ ಹಿಡಿಯಿತು. ಹೆಬ್ಬೆರಳಿನ ಉಗುರು ಅರ್ಧ ಇರಲಿಲ್ಲ. ಹುಲುಗೇಶ ಎಂಟನೇ ಕ್ಲಾಸಿನಲ್ಲಿದ್ದಾಗ ಸೈಕಲ್ ಚೈನಿಗೆ ಸಿಕ್ಕಿ ಹೋದ ಆ ಉಗುರಿಗೆ ಅರಿಶಿನ ಹಚ್ಚಿ ಕಟ್ಟಿದವಳು ನಾನೇ.

ಎಡಕ್ಕೆ ತಿರುಗಿ ಅಂದರೆ ಅವ್ವ ತಿರುಗಿದಳು, ಬಲಕ್ಕೆ ಅಂದರೆ ಬಲಕ್ಕೆ. ಎರಡು ಸಲ ಮಿಟುಕಿಸಿ ಅಂದರೆ ಮೂರು ಸಲ ಮಿಟುಕಿಸಿದಳು. ಅಭ್ಯಾಸ ಮಾಡಿಸಿ ಕೂರಿಸಿದ್ದು ಗೊತ್ತಾಗುತ್ತಿತ್ತು. ಕೊನೆಯ ಪ್ರಶ್ನೆಗಳು ಉಳಿದಿದ್ದವು. ಇಲ್ಲಿಯಾದರೂ ಅವ್ವ ನಿಜ ಹೇಳಲಿ ಎಂದುಕೊಂಡು ಕೇಳಿದೆ.

"ಈ ಖಾತೆಯನ್ನು ನೀವೇ ಬಳಸುತ್ತೀರಾ?"

"ಹೌದ್ರಿ."

"ಖಾತೆ ತೆರೆಯಲು ಯಾರಾದರೂ ನಿಮಗೆ ಹಣ ಕೊಡುತ್ತೇವೆ ಎಂದಿದ್ದಾರೆಯೇ?"

ಪಕ್ಕದಿಂದ "ಇಲ್ಲನ್ನು" ಎಂಬ ಪಿಸುಮಾತು ಕೇಳಿತು.

"ಇಲ್ರಿ, ಯಾರೂ ಅಂದಿಲ್ರಿ."

ನನ್ನನ್ನು ಹೆತ್ತವಳು ನನಗೆ ರೀ ಹಚ್ಚಿ ಸುಳ್ಳು ಹೇಳಿದಳು. ಬಿಸಿಯೂಟದ ಬೇಳೆಯಲ್ಲಿ ಒಂದು ಹಿಡಿ ಹೆಚ್ಚು ಬಂದರೆ ತಿರುಗಿ ಕೊಟ್ಟು ಬರುವ ಹೆಂಗಸು. ನನಗೆ ಎಲ್ಲಿತ್ತೋ ಸಿಟ್ಟು, ಕಾಲ್ ರೆಕಾರ್ಡ್ ಆಗುತ್ತದೆ ಅನ್ನುವುದೂ ಮರೆತುಹೋಯಿತು.

"ಲೇ ಹುಲುಗೇಶ, ಫೋನ್ ಕೆಳಗ ಇಡಲೇ! ಅವ್ವನ ಹೆಸರು ಮಾರಾಕ ಕುಂತಿಯೇನು? ನಾನು ರೇಖಾ ಅದೀನಿ."

ಫೋನು ಅಲುಗಾಡಿತು, ಮನೆಯ ತಗಡು ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಅಕ್ಕಪಕ್ಕದ ಹತ್ತೂ ಜನ ನನ್ನನ್ನೇ ನೋಡುತ್ತಿದ್ದರು.

ಸೂಪರ್‌ವೈಸರ್ ಕಾಂತೇಶ್ ಎದ್ದು ಬಂದ. ನನಗಿಂತ ಆರು ವರ್ಷ ಚಿಕ್ಕವನು, ಒಳ್ಳೆಯ ಹುಡುಗ. ಎಲ್ಲ ಕೇಳಿಸಿಕೊಂಡು ತಗ್ಗಿದ ದನಿಯಲ್ಲಿ ಅಂದ, "ನೆಟ್‌ವರ್ಕ್ ಹೋತು ಅಂತ ಹಾಕಿಬಿಡ್ರಿ ರೇಖಕ್ಕ. ಮನಿ ವಿಷಯ ಮನ್ಯಾಗ ಮುಗಿಸ್ಕೊಳ್ರಿ. ತಮ್ಮಗ ಬೈದು ಬಿಡಿಸಿದ್ರಾತು."

"ಮತ್ತ ಕಾಲ್ ತಿರುಗಿ ಸಾಲಿಗೆ ಬರ್ತೈತಲ್ಲ?"

"ಬರ್ತೈತಿ. ಬೇರೆ ಯಾರಿಗರ ಹೋಗ್ತೈತಿ."

ಅದೇ ನನ್ನ ಭಯ. ಹುಲುಗೇಶ ನನ್ನ ಬೈಗುಳಕ್ಕೆ ಎಂದೂ ಬಗ್ಗಿದವನಲ್ಲ. ಇವತ್ತಲ್ಲದಿದ್ದರೆ ನಾಳೆ ಅವ್ವನನ್ನು ಮತ್ತೆ ಕೂರಿಸುತ್ತಾನೆ, ನಮ್ಮಲ್ಲಿ ಇನ್ನೊಬ್ಬಳು ಗುಂಡಿ ಒತ್ತುತ್ತಾಳೆ. ಅರ್ಜಿ ಪೂರ್ತಿ ನಿಲ್ಲಬೇಕೆಂದರೆ 'ಪಕ್ಕದವರು ಹೇಳಿಕೊಟ್ಟಿದ್ದಾರೆ' ಎಂಬ ಕಾರಣ ಆರಿಸಬೇಕು. ಅದನ್ನು ಒತ್ತಿದರೆ ಕೆಳಗೆ ಇನ್ನೊಂದು ಸಾಲು ತೆರೆದುಕೊಳ್ಳುತ್ತದೆ: ಹೇಳಿಕೊಟ್ಟವರ ಹೆಸರು, ತಿಳಿದಿದ್ದರೆ. ತಿಳಿದಿಲ್ಲ ಎಂದು ಹಾಕಿದರೆ ಅವ್ವನ ಅರ್ಜಿ ನಿಲ್ಲುತ್ತದೆ, ಹುಲುಗೇಶ ನಾಳೆ ಇನ್ನೊಬ್ಬರ ಅವ್ವನನ್ನು ಕೂರಿಸುತ್ತಾನೆ. ಹೆಸರು ಬರೆದರೆ ಅದು ಕಂಪನಿಯಿಂದ ಸೀದಾ ಪೊಲೀಸರಿಗೆ ಹೋಗುತ್ತದೆ.

ಬರೆಯುವ ಮೊದಲು ಅದೇ ಫೋನಿನಿಂದ ಹಿಂದೆ ಬಂದ ಅರ್ಜಿಗಳನ್ನು ತೆಗೆಸಿದೆ. ಎರಡು ಇದ್ದವು. ತೆಲಿಗಿಯ ಒಬ್ಬ ಹೆಂಗಸು, ಹಂಪಸಾಗರದ ಇನ್ನೊಬ್ಬಳು. ಇಬ್ಬರೂ ಪಾಸಾಗಿದ್ದರು. ಪಾಸು ಮಾಡಿದವರ ಜಾಗದಲ್ಲಿ ಎರಡೂ ಕಡೆ ನಲವತ್ತೊಂದು ಎಂದಿತ್ತು.

ಕಾಂತೇಶ್ ರೆಕಾರ್ಡಿಂಗ್ ಹಾಕಿ ಕೊಟ್ಟ. ಹಂಪಸಾಗರದವಳನ್ನು ಎಷ್ಟು ನೋಡಿದರೂ ನನಗೆ ನೆನಪಾಗಲಿಲ್ಲ. ಮುಖ ನೋಡುವುದೇ ನನ್ನ ಕೆಲಸ, ಸಂಬಳ ಕೊಡುವುದೇ ಅದಕ್ಕೆ. ಎರಡರಲ್ಲೂ ಪಕ್ಕದಿಂದ ಪಿಸುಮಾತು ಕೇಳುತ್ತಿತ್ತು. "ಇಲ್ಲನ್ನು, ಇಲ್ಲನ್ನು." ನನ್ನ ತಮ್ಮನ ದನಿ. ಮಗನೋ ಅಳಿಯನೋ ಸಹಾಯ ಮಾಡುತ್ತಿದ್ದಾನೆ ಅಂದುಕೊಂಡು, ನಲವತ್ತು ಮುಗಿಸುವ ಅವಸರದಲ್ಲಿ ಎರಡು ಸಲವೂ ಒತ್ತಿ ಕಳಿಸಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ತಮ್ಮನ ಹೆಸರು ಬರೆದೆ, ತಂದೆಯ ಹೆಸರು ಗಂಗಪ್ಪ ಎಂದು ಸೇರಿಸಿದೆ. ಆ ಇಬ್ಬರ ಖಾತೆ ನಿಲ್ಲಿಸಬೇಕು ಎಂದೂ, ತಪ್ಪು ನನ್ನದು ಎಂದೂ ಬರೆದು ಕಳಿಸಿದೆ. ಮಾರನೇ ದಿನದಿಂದ ನನ್ನನ್ನು ಕಾಲ್‌ನಿಂದ ತೆಗೆದು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಲು ಹೇಳಿದರು.

ಭಾನುವಾರ ಹರಪನಹಳ್ಳಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಅರಸೀಕೆರೆಗೆ ಹೋದೆ. ಅವ್ವ ಕಟ್ಟೆ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬಾ ಅನ್ನಲಿಲ್ಲ, ಆದರೆ ಪಕ್ಕದ ಮೊರ ಸರಿಸಿ ಜಾಗ ಮಾಡಿದಳು.

"ಹುಲುಗೇಶ ಎಲ್ಲೆವ್ವಾ?"

"ಕೂಡ್ಲಿಗಿಗೆ, ಚಿಗವ್ವನ ಮನಿಗೆ ಹೋಗ್ಯಾನ. ಸ್ಟೇಷನ್ನಿಂದ ಫೋನ್ ಬಂದಿತ್ತು."

"ಯಾರಿಗೆ ಮಾಡಿಕೊಡಾಕತ್ತಿದ್ದ ಅಂತ ಹೇಳಿದನೇನು?"

"ಟೆಲಿಗ್ರಾಮಿನಾಗಿರೋ ಯಾವನೋ ಒಬ್ಬನಂತ. ಹೆಸರು ಇವಗೂ ಗೊತ್ತಿಲ್ಲ, ಮುಖಾನೂ ನೋಡಿಲ್ಲ. ತಲಿಗೆ ಹದಿನೈದುನೂರು ಕೊಡ್ತಿದ್ದನಂತ." ಅವ್ವ ಒಂದು ಕಾಯಿ ಸುಲಿದು ಕಾಳು ಮೊರಕ್ಕೆ ಹಾಕಿದಳು. "ನೀನಾ ಬರದಿ ಇವನ ಹೆಸರು?"

"ಹೂಂ, ನಾನಾ ಬರದೆ."

ಅವ್ವ ಬೈಯುತ್ತಾಳೆ ಎಂದು ಕಾದೆ. ಬೈದರೆ ನಾನೂ ತಿರುಗಿ ಬೈಯಲು ತಯಾರಾಗಿಯೇ ಬಂದಿದ್ದೆ. ಕಂಡವರ ಮುಂದೆ ಹಾಗೆ ಸುಳ್ಳು ಹೇಳಬಹುದೇನು, ಅಷ್ಟೂ ತಿಳಿಯಲಿಲ್ಲವೇನು ಎಂದು ಕೇಳಿಯೇಬಿಟ್ಟೆ.

"ಕಂಡೋರು ಯಾರದಾರ ಅದರಾಗ?" ಅಂದಳು ಅವ್ವ. "ನೀ ನಮಸ್ಕಾರ ಅಂದ ಕೂಡ್ಲೇ ನನಗ ತಿಳೀತು. ದನಿ ಎಷ್ಟು ಬದ್ಲು ಮಾಡಿದ್ರೂ ನೀನಾ ಅಲ್ಲೇನು? ಅಕ್ಕ ತಮ್ಮ ಕೂಡಿ ನನ್ನ ಹೆಸರಿಗೆ ಏನೋ ಚಲೋದು ಮಾಡಾಕತ್ತೀರಿ, ಆಫೀಸಿನಾಗ ಹೊರಗಿನೋರಂಗ ಮಾತಾಡಬೇಕೇನೋ ಅಂತ ತಿಳ್ಕೊಂಡೆ. ಅದಕ್ಕ ರೀ ಅಂದೆ. ಅವ ಹೇಳಿಕೊಟ್ಟದ್ದು, ನೀ ಕೇಳಿದ್ದು. ನನಗೇನು ಭಯ?"

ಆ ನಗು ನೆನಪಾಯಿತು, ಸೆರಗು ಸರಿ ಮಾಡಿಕೊಂಡದ್ದು ನೆನಪಾಯಿತು. ಮಗಳಿಗೆ ಚೆಂದ ಕಾಣಲಿ ಅಂತ ಸರಿ ಮಾಡಿಕೊಂಡಿದ್ದಳು.

"ಬ್ಯಾರೆ ಯಾರರ ಕೇಳಿದ್ರ ನಾ ಸುಳ್ಳು ಹೇಳ್ತಿರಲಿಲ್ಲ" ಅಂದಳು ಅವ್ವ.

ನನಗೆ ಅಳು ಬಂತು, ಅವ್ವನ ಎದುರಿಗೇ ಅತ್ತೆ. ಅವಳು ನನ್ನ ದನಿಯನ್ನು ಒಂದೇ ಮಾತಿಗೆ ಹಿಡಿದಳು. ತಮ್ಮನ ದನಿಯನ್ನು ನಾನು ಎರಡು ಸಲ ಕೇಳಿಯೂ ಗುರುತು ಹಿಡಿದಿರಲಿಲ್ಲ. ಹಿಡಿದಿದ್ದರೆ ಅವನು ಅಲ್ಲಿಗೇ ನಿಲ್ಲುತ್ತಿದ್ದ, ತೆಲಿಗಿಯವಳೂ ಹಂಪಸಾಗರದವಳೂ ಇದರಲ್ಲಿ ಸಿಕ್ಕಿಬೀಳದೆ ಉಳಿಯುತ್ತಿದ್ದರು.